ಪ್ರಯೋಗಶಾಲೆಯ ಬಾಗಿಲು ಮತ್ತು ನಮ್ಮ ಮಕ್ಕಳು

(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



ರಾತ್ರಿ ಪಾಳಿ ಮುಗಿಸಿ ನಿದ್ದೆಗೆಟ್ಟು ಬಂದವರೂ, ಮಧ್ಯಾಹ್ನದ ಊಟದ ಗಡಿಬಿಡಿ ತೀರಿಸಿಕೊಂಡು ಒಂದು ಗಳಿಗೆಯ ಬಿಡುವಿನಲ್ಲಿ ಓಡಿ ಬಂದವರೂ ಇಲ್ಲಿದ್ದೀರಿ. ಆದ್ದರಿಂದ ನಿಮ್ಮನ್ನು ಬಹಳ ಹೊತ್ತು ಕೂರಿಸುವುದಿಲ್ಲ. ನಮ್ಮ ವಿದ್ಯಾನಿಧಿಯ ಹಣವನ್ನು ಇನ್ನು ಮುಂದೆ ಹೇಗೆ ವಿನಿಯೋಗಿಸಬೇಕೆಂಬ ವಿಷಯ ಇಂದಿನ ಸಭೆಯ ಮುಂದಿದೆ. ಅದಕ್ಕೆ ಸಂಬಂಧಪಟ್ಟ ನಾಲ್ಕು ಮಾತು ಹೇಳಬೇಕಾಗಿದೆ.

ವಿಜ್ಞಾನ, ಇಂಜಿನಿಯರಿಂಗ್ ಎಂದರೆ ಉಳ್ಳವರ ಮನೆಯ ಸೊತ್ತು, ನಮಗೂ ಅದಕ್ಕೂ ಏನು ಸಂಬಂಧ ಎಂದು ನಮ್ಮಲ್ಲಿ ಅನೇಕರ ಎಣಿಕೆ. ಇದು ತಪ್ಪು. ಇಡ್ಲಿಯ ಹಿಟ್ಟು ಮಳೆಗಾಲದ ತಂಪಿಗೆ ತಡವಾಗಿ ಉಬ್ಬುತ್ತದೆ, ಮೇ ತಿಂಗಳ ಸೆಕೆಗೆ ಬೇಗನೆ ಹುಳಿಯುತ್ತದೆ. ಅದನ್ನರಿತು ರುಬ್ಬುವ ಹೊತ್ತನ್ನೇ ಬದಲಾಯಿಸುವ ನಮ್ಮ ಅಡಿಗೆಯವನು ಮಾಡುವುದು ರಸಾಯನಶಾಸ್ತ್ರದ ಕೆಲಸವೇ ಸರಿ. ಗಿರಣಿಗಳು ನಡೆಯುತ್ತಿದ್ದ ಕಾಲದಲ್ಲಿ ಮಗ್ಗದ ಸದ್ದು ಕೇಳಿಯೇ ದೋಷ ಎಲ್ಲಿದೆಯೆಂದು ಹೇಳುತ್ತಿದ್ದ ಜಾಬರರು ನಮ್ಮಲ್ಲಿದ್ದರು. 1982ರ ಮುಷ್ಕರದ ನಂತರ ಗಿರಣಿಗಳು ಒಂದೊಂದಾಗಿ ಮುಚ್ಚಿದಾಗ ಆ ವಿದ್ಯೆಯನ್ನು ಕೇಳುವವರೇ ಇಲ್ಲವಾದರು. ಕೈಯಲ್ಲಿ ವಿದ್ಯೆಯಿತ್ತು, ಸರ್ಟಿಫಿಕೇಟು ಇರಲಿಲ್ಲ.

ಹೋಟೆಲಿನ ಮಾಣಿಗಳು ರಾತ್ರಿ ಶಾಲೆಯಲ್ಲಿ ಓದಿ ಗುಮಾಸ್ತರಾದರು, ಬ್ಯಾಂಕು ಸೇರಿದರು, ವಕೀಲರಾದರು. ಇದು ನಮ್ಮ ಅಭಿಮಾನದ ಸಂಗತಿ. ಆದರೆ ಇಂಜಿನಿಯರರಾದವರು, ವಿಜ್ಞಾನಿಗಳಾದವರು ಎಷ್ಟು ಮಂದಿ? ಹಗಲಿಡೀ ತಟ್ಟೆ ಎತ್ತುವ ಹುಡುಗ ಪುಸ್ತಕವನ್ನು ದೀಪದಡಿ ಓದಬಹುದು. ಪ್ರಯೋಗಶಾಲೆಯನ್ನು ಖೋಲಿಗೆ ತರಲಾಗುವುದಿಲ್ಲ. ಇನ್ನು ನಮ್ಮ ಹೆಣ್ಣುಮಕ್ಕಳ ಮಾತಂತೂ ಹೇಳುವುದೇ ಬೇಡ.

ಈ ಬಾಗಿಲು ಹೇಗೆ ಮುಚ್ಚಿರುತ್ತದೆ, ಹೇಗೆ ತೆರೆಯುತ್ತದೆ ಎಂಬುದನ್ನು ತಿಳಿಯಲು ಮುಂಬಯಿಗೂ ಬೆಂಗಳೂರಿಗೂ ಸೇರಿದ ಒಂದು ಸಂಗತಿಯನ್ನು ಕೇಳಿರಿ. 1933ರಲ್ಲಿ ಕಮಲಾ ಭಾಗವತ್ ಎಂಬ ತರುಣಿ ಮುಂಬಯಿ ವಿಶ್ವವಿದ್ಯಾಲಯದ ಬಿ.ಎಸ್‌ಸಿ. ಪರೀಕ್ಷೆಯಲ್ಲಿ ಉತ್ತಮವಾಗಿ ತೇರ್ಗಡೆಯಾಗಿ, ಜನ ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುವ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಅರ್ಜಿ ಹಾಕಿದರು. ಸರ್ ಸಿ. ವಿ. ರಾಮನ್ ಆಗ ಅಲ್ಲಿಯ ನಿರ್ದೇಶಕರು. ಹೆಣ್ಣೆಂಬ ಕಾರಣಕ್ಕೆ ಅರ್ಜಿ ತಿರಸ್ಕೃತವಾಯಿತು. ಕಮಲಾ ಬೆಂಗಳೂರಿಗೇ ಹೋಗಿ ಕಾರಣ ಕೇಳಿದರು, ಪಟ್ಟು ಹಿಡಿದರು. ಕೊನೆಗೆ ಷರತ್ತುಗಳ ಮೇಲೆ ಸೇರಿಸಿಕೊಂಡರು: ಮೊದಲ ವರ್ಷ ಪ್ರವೇಶ ಕಾಯಂ ಅಲ್ಲ, ಮಾರ್ಗದರ್ಶಕರು ಹೇಳಿದರೆ ರಾತ್ರಿಯಲ್ಲೂ ದುಡಿಯಬೇಕು, ಗಂಡು ವಿದ್ಯಾರ್ಥಿಗಳ ಗಮನ ಕೆಡಿಸಕೂಡದು. ವರ್ಷಗಟ್ಟಲೆ ಬದಲಿ ಕಾಮಗಾರರಾಗಿ ಗಿರಣಿಯ ಬಾಗಿಲಲ್ಲಿ ಕಾದ ಹಿರಿಯರಿಗೆ ಇಂಥ ಷರತ್ತಿನ ರುಚಿ ಗೊತ್ತು.

ಅಲ್ಲಿ ಶ್ರೀನಿವಾಸಯ್ಯ ಎಂಬ ಅಧ್ಯಾಪಕರು ಅವರಿಗೆ ಗುರುವಾಗಿ ನಿಂತರು. ಕಮಲಾ ಹಾಲಿನ, ಬೇಳೆಕಾಳುಗಳ ಪ್ರೋಟೀನುಗಳ ಮೇಲೆ ಕೆಲಸ ಮಾಡಿದರು. ವರ್ಷ ಕಳೆಯುವುದರೊಳಗೆ ರಾಮನ್ನರಿಗೂ ಅವರ ಯೋಗ್ಯತೆ ಮನವರಿಕೆಯಾಯಿತು. ಮುಂದೆ ಇತರ ಸ್ತ್ರೀಯರಿಗೂ ಪ್ರವೇಶ ದೊರೆಯಿತು. 1939ರಲ್ಲಿ ಕೇಂಬ್ರಿಜ್‌ನಿಂದ ಡಾಕ್ಟರೇಟು ಪಡೆದ ಅವರು ಮದುವೆಯ ನಂತರ ಕಮಲಾ ಸೊಹೊನಿಯಾಗಿ ಮುಂಬಯಿಗೆ ಬಂದು, ಇಲ್ಲಿಯ ವಿಜ್ಞಾನ ಸಂಸ್ಥೆಯಲ್ಲಿ ಕಾಳುಗಳ ಮೇಲೆ, ನೀರಾದ ಮೇಲೆ ಸಂಶೋಧನೆ ನಡೆಸಿದರು. ಬಡಮಕ್ಕಳ ಪೋಷಣೆಗೆ ನೀರಾ ಎಷ್ಟು ಉಪಯುಕ್ತವೆಂಬುದನ್ನು ತೋರಿಸಿದರು. ಬಡವರ ಊಟದ ಪ್ರಶ್ನೆಯನ್ನು ಪ್ರಯೋಗಶಾಲೆಗೆ ಒಯ್ದವರು ಅವರು. ಬೆಂಗಳೂರಿನ ಬಾಗಿಲು ಅಂದು ತೆರೆಯದಿದ್ದರೆ ನಷ್ಟ ಅವರೊಬ್ಬರದೇ ಆಗುತ್ತಿತ್ತೇ?

ಮದರಾಸಿನ ಗಿಂಡಿ ಇಂಜಿನಿಯರಿಂಗ್ ಕಾಲೇಜಿನಲ್ಲೂ ಹೀಗೆಯೇ. ಎ. ಲಲಿತಾ ಹದಿನೆಂಟನೆಯ ವಯಸ್ಸಿಗೆ ವಿಧವೆಯಾದರು, ಕೈಯಲ್ಲಿ ಹಸುಗೂಸು. ತಂದೆ ಅದೇ ಕಾಲೇಜಿನ ಪ್ರಾಧ್ಯಾಪಕರಾದ್ದರಿಂದ ಮಗಳ ಪರವಾಗಿ ಮಾತನಾಡಿದರು. 1940ರಲ್ಲಿ ಅವರು ವಿದ್ಯುತ್ ಇಂಜಿನಿಯರಿಂಗ್ ತರಗತಿಗೆ ಸೇರಿದರು. ಹಿಂದೆಯೇ ಇನ್ನಿಬ್ಬರು ಹುಡುಗಿಯರು ಬಂದರು. ಲಲಿತಾ ಮುಂದೆ ಭಾಕ್ರಾ ನಂಗಲ್ ಯೋಜನೆಗಾಗಿ ದುಡಿದರು.

ಇಲ್ಲೊಂದು ಸಂಗತಿಯನ್ನು ಗಮನಿಸಬೇಕು. ಕಮಲಾ ಅವರ ತಂದೆ ರಸಾಯನಶಾಸ್ತ್ರ ಬಲ್ಲವರು, ಲಲಿತಾ ಅವರ ತಂದೆ ಪ್ರಾಧ್ಯಾಪಕರು. ಮನೆಯಲ್ಲೇ ದಾರಿ ತೋರುವವರಿದ್ದರು. ಹಾಗಿದ್ದೂ ಅವರಿಗೆ ಅಷ್ಟು ಕಷ್ಟವಾಯಿತು. ದಾರಿ ಬಲ್ಲವರು ಯಾರೂ ಇಲ್ಲದ ನಮ್ಮ ಮನೆಯ ಮಕ್ಕಳು ಏನು ಮಾಡಬೇಕು?

ಅದಕ್ಕೆ ಉತ್ತರ ಮೇಘನಾದ ಸಹಾ ಅವರ ಬಾಳಿನಲ್ಲಿದೆ. ಢಾಕಾ ಬಳಿಯ ಹಳ್ಳಿಯೊಂದರ ಬಡ ಕಿರಾಣಿ ಅಂಗಡಿಯವನ ಮಗ. ಊರಿನಲ್ಲಿ ಮುಂದಿನ ಶಾಲೆಯಿಲ್ಲ. ಬೇರೆ ಊರಿನ ವೈದ್ಯರೊಬ್ಬರು ಊಟ, ವಸತಿ ಕೊಟ್ಟರು. ಆದರೆ ಜಾತಿಯ ಕಟ್ಟಿನಿಂದಾಗಿ ಹುಡುಗ ತನ್ನ ತಟ್ಟೆಯನ್ನು ತಾನೇ ತೊಳೆಯಬೇಕು, ಹಸುವನ್ನೂ ನೋಡಿಕೊಳ್ಳಬೇಕು. ಮುಂದೆ ಕಲ್ಕತ್ತೆಯ ಹಾಸ್ಟೆಲಿನಲ್ಲಿ ಜೊತೆಯ ಹುಡುಗರು ಅವನೊಡನೆ ಕುಳಿತು ಉಣ್ಣಲು ಒಪ್ಪಲಿಲ್ಲ. ನಾಲ್ಕೂ ಜಾತಿಯವರಿಗೆ ಒಂದೇ ಮೇಜಿನಲ್ಲಿ ಬಡಿಸುವ ನಮಗೆ ಇದರ ನೋವು ಬಿಡಿಸಿ ಹೇಳಬೇಕಾಗಿಲ್ಲ. ಸೆಣಬಿನ ಕಂಪನಿಯಲ್ಲಿ ತಿಂಗಳಿಗೆ 20 ರೂಪಾಯಿ ಸಂಬಳದ ಅಣ್ಣ ಜಯನಾಥ, ತಮ್ಮನಿಗೆ ತಿಂಗಳು ತಿಂಗಳು 5 ರೂಪಾಯಿ ಕಳಿಸುತ್ತಿದ್ದ. ಆ ತಮ್ಮನೇ 1920ರಲ್ಲಿ ನಕ್ಷತ್ರಗಳ ಬೆಳಕಿನಿಂದ ಅವುಗಳ ಉಷ್ಣತೆಯನ್ನು ಅರಿಯುವ ಸೂತ್ರವನ್ನು ಲೋಕಕ್ಕೆ ಕೊಟ್ಟವರು.

ಬಂಧುಗಳೇ, ಈಗ ನಮ್ಮದೇ ತಪ್ಪನ್ನು ಒಪ್ಪಿಕೊಳ್ಳೋಣ. ನಮ್ಮ ಸದಸ್ಯರೊಬ್ಬರ ಮಗಳು ಹತ್ತನೆಯ ತರಗತಿಯಲ್ಲಿ ಗಣಿತಕ್ಕೆ ಒಳ್ಳೆಯ ಅಂಕ ತೆಗೆದಳು. ಇದೇ ವೇದಿಕೆಯಲ್ಲಿ ಶಾಲು ಹೊದಿಸಿ ಬಹುಮಾನ ಕೊಟ್ಟೆವು. "ಡಿಪ್ಲೊಮಾ ಮಾಡುತ್ತೇನೆ ಅಪ್ಪಾ" ಎಂದಳಂತೆ. "ನಾಳೆ ಮದುವೆಯಾಗಿ ಹೋಗುವವಳಿಗೆ ಮಿಶಿನಿನ ಓದು ಯಾಕೆ ಮಗಾ? ತಮ್ಮನ ಫೀಸು ಕಟ್ಟುವುದಿದೆ" ಎಂದರು ಅಪ್ಪ. ನಮಗೆ ವಿಷಯ ಗೊತ್ತಿತ್ತು. ಮನೆಯ ಮಾತು ಎಂದು ಸುಮ್ಮನಿದ್ದೆವು. ನಮ್ಮ ಶಾಲು ಅವಳ ಯಾವ ಉಪಯೋಗಕ್ಕೆ ಬಂತು?

ದಾರಿಗಳು ಇಲ್ಲದಿಲ್ಲ. ಹತ್ತನೆಯ ತರಗತಿ ಮುಗಿದೊಡನೆ ಪಾಲಿಟೆಕ್ನಿಕ್ ಸೇರಬಹುದು. ಮೂರು ವರ್ಷದ ಡಿಪ್ಲೊಮಾ ಮುಗಿಸಿದವರು ನೇರವಾಗಿ ಇಂಜಿನಿಯರಿಂಗ್ ಪದವಿಯ ಎರಡನೆಯ ವರ್ಷಕ್ಕೆ ಹೋಗಬಹುದು. ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಳಿಯ 'ಪ್ರಗತಿ' ವಿದ್ಯಾರ್ಥಿವೇತನಕ್ಕೆ ಆಯ್ಕೆಯಾದ ಹುಡುಗಿಗೆ ವರ್ಷಕ್ಕೆ 50,000 ರೂಪಾಯಿ ಸಿಗುತ್ತದೆ. ಮನೆಯ ಆದಾಯ ವರ್ಷಕ್ಕೆ 8 ಲಕ್ಷ ಮೀರಿರಬಾರದು. ಐ.ಐ.ಟಿ.ಗಳಲ್ಲೂ 2018ರಿಂದ ಹುಡುಗಿಯರಿಗಾಗಿ ಹೆಚ್ಚುವರಿ ಸೀಟುಗಳನ್ನು ಇಟ್ಟ ಮೇಲೆ ಅವರ ಸಂಖ್ಯೆ ಏರಿತು. ನಿಯಮ ಬದಲಾದರೆ ಬಾಗಿಲು ತೆರೆಯುತ್ತದೆ. ಆದರೆ ಅರ್ಜಿ ತುಂಬುವವರು ಯಾರು? ಕೊನೆಯ ದಿನಾಂಕ ನೆನಪಿಸುವವರು ಯಾರು?

ಆದ್ದರಿಂದ ನಮ್ಮ ಸೂಚನೆ ಇಷ್ಟು. ಶಾಲು, ಹಾರಗಳ ಖರ್ಚು ನಿಲ್ಲಿಸಿ ಆ ಹಣವನ್ನು ವಿಜ್ಞಾನ, ತಾಂತ್ರಿಕ ಓದಿಗೆ ಹೋಗುವ ಮಕ್ಕಳ ಫೀಸಿಗೆ ಕೊಡೋಣ. ಅದರಲ್ಲಿ ಅರ್ಧ ಹೆಣ್ಣುಮಕ್ಕಳಿಗೆಂದೇ ಇರಲಿ. ಓದಿದ ತರುಣರು ಪ್ರತಿ ಭಾನುವಾರ ಸಂಘದ ಕೋಣೆಯಲ್ಲಿ ಕುಳಿತು ಅರ್ಜಿ ತುಂಬಿಕೊಡಲಿ. ಓದುವ ಮಾಣಿಗೆ ಪ್ರಯೋಗದ ದಿನ ಪಾಳಿ ಬದಲಿಸಿ ಕೊಡಬೇಕೆಂದು ಮಾಲಕರನ್ನು ಸಂಘದ ಪರವಾಗಿ ನಾವೇ ಕೇಳೋಣ.

ಜಯನಾಥ ಇಪ್ಪತ್ತರಲ್ಲಿ ಐದು ಕೊಟ್ಟ. ಅಷ್ಟನ್ನು ನಾವು ಕೇಳುವುದಿಲ್ಲ. ವರ್ಷಕ್ಕೆ ಒಂದು ದಿನದ ಕೂಲಿ ವಿದ್ಯಾನಿಧಿಗೆ ಕೊಡಿರಿ. ಮತ್ತು ಇಂದು ಮನೆಗೆ ಹೋದ ಮೇಲೆ ಮಗಳನ್ನು ಹತ್ತಿರ ಕೂರಿಸಿಕೊಂಡು "ಏನು ಓದಬೇಕೆಂದಿದ್ದೀ ಮಗಾ?" ಎಂದು ಒಮ್ಮೆ ಕೇಳಿರಿ. ಅವಳ ಉತ್ತರವನ್ನು ಭಾನುವಾರ ಸಂಘಕ್ಕೆ ತಂದು ತಿಳಿಸಿರಿ.