ಪ್ರದರ್ಶನದ ಮಳಿಗೆಯಲ್ಲಿ ನಮ್ಮ ಒಣದ್ರಾಕ್ಷಿ

(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಗಡಿನಾಡಿನ ಕನ್ನಡ ಸಂಘದ ಉತ್ಸವದಲ್ಲಿ ಕನ್ನಡ ಪಂಡಿತನೊಬ್ಬನು ಮಾತಿಗೆ ನಿಂತರೆ ಪಂಪನನ್ನೋ ಕುಮಾರವ್ಯಾಸನನ್ನೋ ಕುರಿತು ನಾಲ್ಕು ಮಾತು ಹೇಳುವನೆಂದು ಸಭಿಕರು ನಿರೀಕ್ಷಿಸುವುದು ಸಹಜ. ಕಾರ್ಯದರ್ಶಿಗಳೂ ನನ್ನಿಂದ ಅದನ್ನೇ ಅಪೇಕ್ಷಿಸಿದ್ದರು. ಅವರ ಅಪ್ಪಣೆ ಪಡೆದು ಈ ಸಲ ನಾನು ಒಣದ್ರಾಕ್ಷಿಯ ವಿಷಯವನ್ನು ಎತ್ತಿಕೊಂಡಿದ್ದೇನೆ. ನಮ್ಮ ಹೊಲದ ಪದಾರ್ಥವನ್ನು ನಮ್ಮದೇ ಹೆಸರಿನಿಂದ ಪರಊರಿನ ಪ್ರದರ್ಶನದಲ್ಲಿ ಇರಿಸುವುದು ಹೇಗೆ, ಇರಿಸಿದ ಮೇಲೆ ಅದಕ್ಕೆ ಉತ್ತರ ಹೇಳುವುದು ಹೇಗೆ ಎಂಬುದೇ ಇಂದಿನ ಮಾತಿನ ಹುರುಳು. ವ್ಯಾಪಾರವು ನನ್ನ ವಿದ್ಯೆಯಲ್ಲ. ಆದರೆ ಎರಡು ವರ್ಷಗಳ ಹಿಂದೆ ನಮ್ಮ ಹೆಣ್ಣುಮಕ್ಕಳ ಬಚತಗಟವೊಂದರ ಜೊತೆಗೆ ಪುಣೆಯ ಒಂದು ಪ್ರದರ್ಶನಕ್ಕೆ ಹೋಗಿದ್ದೆನು. ಕಲಿಸುವವನೆಂದು ಹೋದವನು ಕಲಿತು ಬಂದೆನು. ಆ ಪಾಠವನ್ನೇ ತಮಗೆ ಒಪ್ಪಿಸುತ್ತೇನೆ.

ಮೊದಲು ನಮ್ಮ ಪದಾರ್ಥದ ಮಾತು. ಆರಗ, ಬೇಡಗಗಳೆಂದರೆ ಎಲೆಬಳ್ಳಿಯ ತೋಟಗಳಿಗೆ ಹೆಸರಾದ ಊರುಗಳು. ಮ್ಹೈಸಾಳದ ಏತ ನೀರಾವರಿಯಿಂದ ಕೃಷ್ಣೆಯ ನೀರು ಮಿರಜ, ಕವಠೆಮಹಾಂಕಾಳ, ಜತ್ತ ತಾಲೂಕುಗಳ ಒಣಭೂಮಿಗೆ ಏರಿತು. ದ್ರಾಕ್ಷಿಯ ತೋಟಗಳಿಗೆ ಅದು ದೊಡ್ಡ ಆಸರೆಯಾಯಿತು. ಹಣ್ಣನ್ನು ಒಣಗಿಸುವ ಕಷ್ಟ ಇಲ್ಲಿ ಕುಳಿತ ತಾಯಂದಿರಿಗೆ ನಾನು ವಿವರಿಸಬೇಕಾಗಿಲ್ಲ. ಗೊಂಚಲುಗಳನ್ನು ಪೊಟ್ಯಾಶಿಯಂ ಕಾರ್ಬೊನೇಟ್ ಮತ್ತು ಎಣ್ಣೆ ಬೆರೆಸಿದ ನೀರಿನಲ್ಲಿ ಅದ್ದಿ ತೆಗೆದು, ನೆರಳಿನ ಶೆಡ್ಡಿನಲ್ಲಿ ಅಂತಸ್ತು ಅಂತಸ್ತಾಗಿ ಕಟ್ಟಿದ ಜಾಳಿಗೆಯ ಮೇಲೆ ಹರವಬೇಕು. ಹೆಚ್ಚು ಕಡಿಮೆ ಎರಡು ವಾರ ಗಾಳಿಯೇ ಅದನ್ನು ಒಣಗಿಸಬೇಕು. ನಾಲ್ಕು ಕಿಲೋ ಹಣ್ಣಿಗೆ ಒಂದು ಕಿಲೋ ಒಣದ್ರಾಕ್ಷಿ ಸಿಕ್ಕರೆ ಅದೇ ಭಾಗ್ಯ. ನಡುವೆ ಒಂದು ಅಕಾಲದ ಮಳೆ ಬಿದ್ದಿತೆಂದರೆ ಬಂಗಾರದಂಥ ಮಾಲು ಕಪ್ಪಾಗುತ್ತದೆ. ವರುಷದ ಲೆಕ್ಕವೇ ತಲೆಕೆಳಗಾಗುತ್ತದೆ.

ಇಷ್ಟು ಬೆವರಿನಿಂದ ಬಂದ ಮಾಲು ತಾಸಗಾಂವ, ಸಾಂಗಲಿಗಳ ಪೇಟೆಗೆ ಹೋಗುತ್ತದೆ. ವಿಜಯಪುರದ ಕಡೆಯ ರೈತರೂ ತಮ್ಮ ಮಾಲನ್ನು ಅಲ್ಲಿಗೇ ತರುತ್ತಾರೆ. ಗಡಿಯ ಗೆರೆ ಆ ಪೇಟೆಗೆ ಕಾಣುವುದಿಲ್ಲ. ಅಡತಿಯ ಅಂಗಡಿಯಲ್ಲಿ ಪೆಟ್ಟಿಗೆ ಬಿಚ್ಚುತ್ತಾರೆ, ಬಣ್ಣ ನೋಡುತ್ತಾರೆ, ಲಿಲಾವು ಕೂಗುತ್ತಾರೆ. ಅಲ್ಲಿಂದ ಮುಂದೆ ಆ ಪೆಟ್ಟಿಗೆಗೆ ತಾಯಿತಂದೆಗಳಿಲ್ಲ. ಎಲ್ಲಿಯೋ ಒಂದು ಊರಿನಲ್ಲಿ ಅದು ಬಣ್ಣದ ಪೊಟ್ಟಣ ಸೇರಿ, ಬೇರೊಬ್ಬರ ಹೆಸರು ಹೊತ್ತು, ನಮ್ಮದೇ ಊರಿನ ಅಂಗಡಿಗೆ ಮರಳಿ ಬಂದರೂ ಗುರುತು ಹಿಡಿಯುವವರು ಯಾರು? ನಾನು ಅಡತಿಯವರನ್ನು ದೂರುತ್ತಿಲ್ಲ. ಅವರಿಲ್ಲದೆ ನಮ್ಮ ರೈತನಿಗೆ ಸಕಾಲಕ್ಕೆ ಹಣ ಕೂಡಿಬರುವುದಿಲ್ಲ. ಹೆಸರಿಲ್ಲದ ಪದಾರ್ಥಕ್ಕೆ ಪೇಟೆಯು ಕಟ್ಟಿದಷ್ಟೇ ಬೆಲೆ ಎಂಬುದಷ್ಟೇ ನನ್ನ ಅರಿಕೆ.

2016ರಲ್ಲಿ ಸಾಂಗಲಿಯ ಒಣದ್ರಾಕ್ಷಿಗೂ 2018ರಲ್ಲಿ ಸಾಂಗಲಿಯ ಅರಿಷಿಣಕ್ಕೂ ಭೌಗೋಲಿಕ ಗುರುತಿನ ಮನ್ನಣೆ ದೊರಕಿತು. ಇದು ಸಂತೋಷದ ಸಂಗತಿ. ಆದರೆ ಆ ಗುರುತು ಸೀಮೆಯ ಹೆಸರು, ಮನೆತನದ ಹೆಸರಲ್ಲ. ‘ಇದು ಸಾಂಗಲಿಯ ಕಡೆಯದು’ ಎಂದು ಅದು ಹೇಳೀತು. ‘ಇದನ್ನು ಒಣಗಿಸಿದವರು ನಾವು, ತಪ್ಪಿದ್ದರೆ ನಮ್ಮನ್ನು ಕೇಳಿರಿ’ ಎಂದು ಹೇಳಬೇಕಾದವರು ನಾವೇ.

ಹೀಗೆ ಹೇಳುವ ಸ್ಥಳವೇ ಪ್ರದರ್ಶನ. ಇದು ನಮಗೆ ತೀರ ಹೊಸದೆಂದು ಅಂಜಬೇಕಾಗಿಲ್ಲ. ಭಾರತ ಹುಣ್ಣಿಮೆಗೆ ಚಿಂಚಲಿಯ ಮಾಯಕ್ಕನ ಜಾತ್ರೆಗೆ ನಮ್ಮ ಭಾಗದ ಬಂಡಿಗಳು ಹೋಗುವುದನ್ನು ನಾವೆಲ್ಲ ಕಂಡವರೇ. ಜಾತ್ರೆಯಲ್ಲಿ ಬೆಂಡು ಬತ್ತಾಸು ಮಾರುವವನಿಗೆ ಮುಖವುಂಟು. ಹೋದ ವರುಷ ಕೆಟ್ಟ ಮಾಲು ಕೊಟ್ಟವನನ್ನು ಈ ವರುಷ ಹುಡುಕಿ ಜಗಳ ತೆಗೆಯಬಹುದು. ಒಳ್ಳೆಯದು ಕೊಟ್ಟವನನ್ನು ಹುಡುಕಿ ಮತ್ತೆ ಕೊಳ್ಳಬಹುದು. ಈ ಮುಖದ ವ್ಯಾಪಾರವೇ ದೊಡ್ಡದಾಗಿ ಬೆಳೆದು ಪ್ರದರ್ಶನವಾಯಿತು. 1851ರಲ್ಲಿ ಲಂಡನ್ನಿನ ಗಾಜಿನ ಅರಮನೆಯಲ್ಲಿ ಜಗತ್ತಿನ ಮಹಾ ಪ್ರದರ್ಶನ ನೆರೆಯಿತು. ಅಲ್ಲಿ ಬಂದ ಜನಕ್ಕೆ ಸೋಡಾ, ನಿಂಬೆಯ ಪಾನಕಗಳನ್ನು ಒದಗಿಸುವ ಗುತ್ತಿಗೆ ಹಿಡಿದ ಶ್ವೆಪ್ಸ್ ಕಂಪನಿಯು ಹತ್ತು ಲಕ್ಷಕ್ಕೂ ಮಿಕ್ಕಿ ಶೀಸೆಗಳನ್ನು ಮಾರಿತು. ಅಲ್ಲಿದ್ದ ಗಾಜಿನ ಕಾರಂಜಿಯನ್ನೇ ತನ್ನ ಚಿಹ್ನೆಯಾಗಿ ಮಾಡಿಕೊಂಡಿತು. ನಮ್ಮಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1907ರಲ್ಲಿ, ಮೈಸೂರಿನ ದಸರೆಯ ಜೊತೆಗೆ ಕೈಗಾರಿಕೆ ಮತ್ತು ಬೇಸಾಯದ ವಸ್ತುಪ್ರದರ್ಶನ ಕೂಡಿಕೊಂಡಿತು. ದೇವಿಯ ಹಬ್ಬಕ್ಕೆ ಬಂದ ಪ್ರಜೆ ನಾಡಿನ ದುಡಿಮೆಯನ್ನೂ ಕಂಡು ಹೋಗಲೆಂಬ ಯೋಜನೆ ಎಷ್ಟು ಸೊಗಸಾದುದು!

ಇನ್ನೊಂದು ಪ್ರಸಂಗ ಕೇಳಿರಿ. 1893ರಲ್ಲಿ ಅಮೇರಿಕದ ಶಿಕಾಗೋ ನಗರದಲ್ಲಿ ವಿಶ್ವಪ್ರದರ್ಶನ ನಡೆಯಿತು. ಸ್ವಾಮಿ ವಿವೇಕಾನಂದರು ಮಾತಾಡಿದ ಸರ್ವಧರ್ಮ ಸಮ್ಮೇಳನವೂ ಅದರ ಅಂಗವಾಗಿಯೇ ಕೂಡಿತ್ತು. ಅಲ್ಲಿ ಹೈಂಜ್ ಎಂಬ ಉಪ್ಪಿನಕಾಯಿಯ ವ್ಯಾಪಾರಿಗೆ ಮಳಿಗೆ ದೊರಕಿದ್ದು ಮೇಲಿನ ಅಂತಸ್ತಿನಲ್ಲಿ. ನಡೆದು ದಣಿದ ಜನ ಮೆಟ್ಟಲು ಹತ್ತಲಿಲ್ಲ. ಆತನು ಹಣೆಬರಹವೆಂದು ಕೂಡಲಿಲ್ಲ. ‘ಮೇಲೆ ಬಂದವರಿಗೊಂದು ಕಾಣಿಕೆ’ ಎಂದು ಸಣ್ಣ ಚೀಟಿಗಳನ್ನು ಅಚ್ಚು ಹಾಕಿಸಿ ಹಂಚಿದನು. ಬಂದವರಿಗೆ ಉಪ್ಪಿನಕಾಯಿಯ ಆಕಾರದ ಪುಟ್ಟ ಪದಕವನ್ನು ಕೊಟ್ಟನು, ರುಚಿಯನ್ನೂ ತೋರಿಸಿದನು. ಕೊನೆಗೆ ನೆರೆದ ಜನದ ಭಾರಕ್ಕೆ ಆ ಅಂತಸ್ತಿಗೆ ಆಧಾರ ಕೊಡಬೇಕಾಯಿತಂತೆ. ಮೂಲೆಯ ಮಳಿಗೆ ದೊರಕಿತೆಂದು ಅಳುವ ನಮಗೆ ಈ ಕಥೆ ಸಾಕು.

ಇನ್ನು ನಮ್ಮ ಕಥೆ. ಅದರ ಮೊದಲನೆಯ ತಪ್ಪು ನನ್ನದೇ. ಪೊಟ್ಟಣಕ್ಕೊಂದು ಹೆಸರು ಬೇಕೆಂದು ಹೆಣ್ಣುಮಕ್ಕಳು ಕೇಳಲು, ನಾನು ನನ್ನ ಪಾಂಡಿತ್ಯವನ್ನೆಲ್ಲ ಕೂಡಿಸಿ ‘ಮೃದ್ವೀಕಾ’ ಎಂದು ನಾಮಕರಣ ಮಾಡಿದೆನು. ದ್ರಾಕ್ಷಿಗೆ ಸಂಸ್ಕೃತದಲ್ಲಿ ಅದು ಶ್ರೇಷ್ಠವಾದ ಹೆಸರು. ಪುಣೆಯಲ್ಲಿ ಅದನ್ನು ಒಂದೇ ಸಲಕ್ಕೆ ಓದಿದವರು ಬೆರಳೆಣಿಕೆಯ ಮಂದಿ. ಒಬ್ಬ ಅಜ್ಜಿ ‘ಇದು ಕೆಮ್ಮಿನ ಔಷಧವೇ?’ ಎಂದು ಮರಾಠಿಯಲ್ಲಿ ಕೇಳಿದಳು. ನಮ್ಮ ಹೆಣ್ಣುಮಕ್ಕಳಿಗೇ ಆ ಹೆಸರು ನಾಲಗೆಗೆ ಹೊರಳಲಿಲ್ಲ. ತಮ್ಮ ಮಾಲಿನ ಹೆಸರನ್ನು ತಾವೇ ಹೇಳಲಾರದೆ ನಾಚಿ ನಿಂತರು. ಪಂಡಿತನ ಜಂಬ ಪಾಪದವರ ಬಾಯಿ ಕಟ್ಟಿತು. ಅದಕ್ಕಾಗಿ ಅವರ ಕ್ಷಮೆ ಬೇಡಿದ್ದೇನೆ; ಈ ಸಭೆಯಲ್ಲಿ ಮತ್ತೊಮ್ಮೆ ಬೇಡುತ್ತೇನೆ.

ಎರಡನೆಯ ತಪ್ಪು, ಪೊಟ್ಟಣಗಳನ್ನು ದೇವರಂತೆ ಸಾಲಾಗಿ ಕೂಡಿಸಿ ರುಚಿ ನೋಡಲು ಏನನ್ನೂ ಇಡದಿದ್ದುದು. ತಿನ್ನುವ ಪದಾರ್ಥಕ್ಕೆ ನಾಲಗೆಯೇ ಸಾಕ್ಷಿ. ಎರಡನೆಯ ದಿನ ಮುಚ್ಚಳವುಳ್ಳ ಡಬ್ಬಿ, ಚಮಚ ತಂದು ನಾಲ್ಕು ನಾಲ್ಕು ಕಾಳು ಕೈಗೆ ಹಾಕತೊಡಗಿದ ಮೇಲೆ ಜನ ನಿಂತರು. ಪೊಟ್ಟಣದ ಮೇಲೆ ಮರಾಠಿ, ಇಂಗ್ಲಿಷುಗಳ ಜೊತೆಗೆ ಕನ್ನಡವನ್ನೂ ಅಚ್ಚು ಹಾಕಿಸಿದ್ದೆವು. ಹುಬ್ಬಳ್ಳಿಯ ಕಡೆಯಿಂದ ನೌಕರಿಗಾಗಿ ಬಂದು ನೆಲೆಸಿದ ಒಂದು ಕುಟುಂಬ ಆ ಅಕ್ಷರ ಕಂಡು ಹಿಂದಿರುಗಿ ಬಂದು, ‘ನೀವು ನಮ್ಮ ಕಡೆಯವರೇನ್ರಿ?’ ಎಂದು ಕೇಳಿ, ಎರಡು ಕಿಲೋ ಕೊಂಡು, ಅರ್ಧ ತಾಸು ಮಾತಾಡಿ ಹೋಯಿತು. ಮರಾಠಿ ನಮ್ಮ ಅನ್ನದ ಭಾಷೆಯೂ ಹೌದು, ನೆರೆಹೊರೆಯ ಭಾಷೆಯೂ ಹೌದು. ಅದನ್ನು ಚೆನ್ನಾಗಿ ಆಡಬೇಕು. ಅದರ ಪಕ್ಕದಲ್ಲಿ ನಮ್ಮ ಅಕ್ಷರಕ್ಕೂ ಎರಡು ಅಂಗುಲ ಸ್ಥಳವಿರಲಿ.

ಮೂರನೆಯ ದಿನ ನಡೆದುದೇ ಮುಖ್ಯವಾದದ್ದು. ದೊಡ್ಡ ವ್ಯಾಪಾರಿಯೊಬ್ಬರು ಬಂದು ಮಾಲನ್ನು ಕೈಯಲ್ಲಿ ತಿರುವಿ ನೋಡಿ, ‘ತಿಂಗಳಿಗೆ ಐನೂರು ಕಿಲೋ ಇದೇ ಬಣ್ಣದ್ದು ಕೊಡುವಿರಾ? ಇದಕ್ಕೆ ಗಂಧಕದ ಹೊಗೆ ಹಾಕಿದ್ದೀರೋ?’ ಎಂದು ಕೇಳಿದರು. ಹಳದಿ ಬಣ್ಣ ನಿಲ್ಲಲೆಂದು ಹೊಗೆ ಹಾಕುವ ರೂಢಿ ನಮ್ಮಲ್ಲಿದೆ. ನಿಯಮದ ಮಿತಿಯೊಳಗೆ ಇದ್ದರೆ ಅದು ಅಪರಾಧವೂ ಅಲ್ಲ. ಗಟದ ಹಿರಿಯಳಾದ ತಾಯಿ ಶಾಂತವಾಗಿ, ‘ಹಳದೀದಕ್ಕ ಹಾಕೀವ್ರಿ, ಹಸರದಕ್ಕ ಹಾಕಿಲ್ರಿ. ಐನೂರು ಕಿಲೋ ನಮ್ಮ ಕೈಲಿ ಆಗೂದಿಲ್ರಿ’ ಎಂದಳು. ನಾನು ಮರಾಠಿಯಲ್ಲಿ ತಿಳಿಸಿದೆನು. ಅವರು ವಿಳಾಸ ಬರೆದುಕೊಂಡು ಹೋದರು. ಪಕ್ಕದ ಮಳಿಗೆಯವರು, ‘ಹಾಕಿಲ್ಲ ಅನ್ನಬೇಕಾಗಿತ್ತು, ಆಗುತ್ತದೆ ಅನ್ನಬೇಕಾಗಿತ್ತು. ಕೈಗೆ ಬಂದ ಗಿರಾಕಿಯನ್ನು ಕಳೆದುಕೊಂಡಿರಿ’ ಎಂದರು.

ಪ್ರದರ್ಶನದ ಖರ್ಚು ಹುಟ್ಟಲಿಲ್ಲ. ಮಳಿಗೆಯ ಬಾಡಿಗೆಗೆಂದು ಹನ್ನೊಂದು ಮನೆಗಳ ಉಳಿತಾಯದ ಹಣ ಹೋಗಿತ್ತು. ಮಿರಜಿನ ಗಾಡಿಯಲ್ಲಿ ಮರಳುವಾಗ ಉಳಿದ ಹೆಣ್ಣುಮಕ್ಕಳು ಆ ತಾಯಿಯೊಡನೆ ಮಾತು ಬಿಟ್ಟಿದ್ದರು. ಆಕೆ ಕಿಟಕಿಯ ಕಡೆಗೆ ಮುಖ ಮಾಡಿ ಕುಳಿತಿದ್ದು, ಬಹಳ ಹೊತ್ತಿನ ಮೇಲೆ, ‘ಸರ, ನಾ ಖರೇ ಹೇಳಿದ್ದು ತಪ್ಪಾತೇನ್ರಿ?’ ಎಂದು ಕೇಳಿದಳು. ವರ್ಷ ವರ್ಷವೂ ತರಗತಿಯಲ್ಲಿ ಪುಣ್ಯಕೋಟಿಯ ಪಾಠ ಹೇಳಿದ ನಾನು, ಆಕೆಯ ಮಗನಿಗೂ ಅದನ್ನೇ ಹೇಳಿಕೊಟ್ಟ ನಾನು, ಆಗ ಕೂಡಲೇ ‘ಇಲ್ಲ’ ಎನ್ನಲಿಲ್ಲ. ನನ್ನ ಮನಸ್ಸಿನಲ್ಲಿಯೂ ಹೋದ ಹಣದ ಲೆಕ್ಕವಿತ್ತು.

ಆ ದೊಡ್ಡ ವ್ಯಾಪಾರಿಯಿಂದ ಇಂದಿನವರೆಗೂ ಪತ್ರ ಬಂದಿಲ್ಲ. ಆದರೆ ಜೊತೆಗೆ ಬಂದಿದ್ದ ಹತ್ತನೆಯ ಇಯತ್ತೆಯ ನಮ್ಮ ಹುಡುಗಿ, ಕೊಂಡವರ ಹೆಸರು, ವಿಳಾಸ, ಏನು ಕೊಂಡರು, ಏನು ಕೇಳಿದರು ಎಂಬುದನ್ನೆಲ್ಲ ಒಂದು ವಹಿಯಲ್ಲಿ ಬರೆದಿಟ್ಟಿದ್ದಳು. ವಾರದೊಳಗೆ ಅವರೆಲ್ಲರಿಗೂ ನಾಲ್ಕು ಸಾಲು ಬರೆದು, ಫೋನಿನಲ್ಲಿಯೂ ವಿಚಾರಿಸಿದೆವು. ಕೆಲವು ಮನೆಗಳಿಂದ ಮತ್ತೆ ಬೇಡಿಕೆ ಬಂದಿತು. ಅವರಲ್ಲಿ ಹಲವರು ಕೇಳಿದ್ದು ‘ಹೊಗೆ ಹಾಕದ್ದು’ ಎಂದು ಆ ತಾಯಿ ಬಾಯಿಬಿಟ್ಟು ಹೇಳಿದ ಹಸಿರು ಮಾಲನ್ನೇ. ಮರುವರ್ಷ ಎರಡನ್ನೂ ಬೇರೆ ಬೇರೆ ಕಟ್ಟಿ, ಇದ್ದುದನ್ನು ಇದ್ದಂತೆ ಮೇಲೆ ಅಚ್ಚು ಹಾಕಿಸಿದೆವು. ಹೆಸರನ್ನೂ ಹೆಣ್ಣುಮಕ್ಕಳೇ ಇಟ್ಟರು: ‘ಹಂದರ’. ದ್ರಾಕ್ಷಿಯ ಬಳ್ಳಿ ಹಬ್ಬುವ ಹಂದರ, ಮದುವೆಯ ಮನೆಯ ಹಂದರ. ಮೂರೇ ಅಕ್ಷರ, ಮರಾಠಿಯ ಲಿಪಿಯಲ್ಲಿ ಬರೆದರೂ ಸಲೀಸು. ಆ ವರ್ಷದ ಪ್ರದರ್ಶನದಲ್ಲಿ ಖರ್ಚು ಹುಟ್ಟಿ ಸ್ವಲ್ಪ ಉಳಿಯಿತು. ಅದು ದೊಡ್ಡ ಮೊತ್ತವಲ್ಲ. ಆದರೆ ಆ ತಾಯಿಯೊಡನೆ ಎಲ್ಲರೂ ಮಾತಾಡುತ್ತಿದ್ದಾರೆ.

ಈ ಅನುಭವದಿಂದ ತಿಳಿದ ಕೆಲವು ಮಾತುಗಳನ್ನು ಹೊರಡುವವರಿಗಾಗಿ ಹೇಳುತ್ತೇನೆ. ಪ್ರದರ್ಶನಗಳಲ್ಲಿ ಎರಡು ಬಗೆ. ಮುಂಬಯಿಯ ಮಹಾಲಕ್ಷ್ಮಿ ಸರಸ್, ಪುಣೆಯ ಭೀಮಥಡಿ ಜಾತ್ರೆಯಂಥವುಗಳಿಗೆ ಮನೆಬಳಕೆಗೆ ಕೊಳ್ಳುವ ಜನ ಬರುತ್ತಾರೆ. ಅಲ್ಲಿ ಪಾವು ಕಿಲೋ, ಅರ್ಧ ಕಿಲೋ ಪೊಟ್ಟಣಗಳು ಬೇಕು. ದಿಲ್ಲಿಯ ಆಹಾರ್, ದುಬೈಯ ಗಲ್ಫುಡ್, ಜರ್ಮನಿಯಲ್ಲಿ 1919ರಲ್ಲಿ ತೊಡಗಿ ಈಗ ಕಲೋನ್ ನಗರದಲ್ಲಿ ಎರಡು ವರ್ಷಕ್ಕೊಮ್ಮೆ ನೆರೆಯುವ ಅನುಗಾ ಇವು ವ್ಯಾಪಾರಿಗಳ ಮೇಳಗಳು. ಅಲ್ಲಿ ಟನ್ನುಗಳ ಮಾತು, ತಪಾಸಣೆಯ ಪತ್ರಗಳ ಮಾತು. ಹನ್ನೊಂದು ಮನೆಯವರು ಅಲ್ಲಿಗೆ ಹಾರಬಾರದು. ಹತ್ತಾರು ಗಟಗಳು ಕೂಡಿ ರೈತ ಉತ್ಪಾದಕ ಕಂಪನಿ ಕಟ್ಟಿಕೊಂಡು, ಮಾಲನ್ನು ಒಂದೇ ತರಗತಿಗೆ ತಂದ ಮೇಲೆ ಆ ಮಾತು. ಎಲ್ಲಿಗೆ ಹೋದರೂ ಪೊಟ್ಟಣದ ಮೇಲೆ ತೂಕ, ಕಟ್ಟಿದ ದಿನ, ಬಾಳಿಕೆ, ತಯಾರಿಸಿದವರ ವಿಳಾಸ, ಶಾಕಾಹಾರದ ಹಸಿರು ಚಿಹ್ನೆ, ಆಹಾರ ಸುರಕ್ಷತಾ ಇಲಾಖೆಯ ಹದಿನಾಲ್ಕು ಅಂಕಿಯ ಸಂಖ್ಯೆ ಇರಲೇಬೇಕು. ಮಳಿಗೆಯಲ್ಲಿ ಬಾಯಿಬಲ್ಲವರ ಜೊತೆಗೆ ಮಾಲನ್ನು ಕೈಯಾರೆ ಒಣಗಿಸಿದವರೂ ಇರಬೇಕು. ಆಗದ್ದನ್ನು ಆಗುತ್ತದೆ ಎನ್ನಬಾರದು. ಬರೆದುಕೊಂಡು ಬಂದ ವಿಳಾಸಗಳನ್ನು ಪೆಟ್ಟಿಗೆಯಲ್ಲಿ ಹಾಕಿ ಮರೆಯಬಾರದು. ಮಳಿಗೆ ಮುಚ್ಚಿದ ಮರುದಿನವೇ ನಿಜವಾದ ವ್ಯಾಪಾರ ತೊಡಗುತ್ತದೆ.

ಕೊನೆಯಲ್ಲಿ ಸಂಘಕ್ಕೊಂದು ಬಿನ್ನಹ. ಬರುವ ವರ್ಷದ ಉತ್ಸವದಲ್ಲಿ ಈ ಮಂಟಪದ ಒಂದು ಬದಿಯಲ್ಲಿ ನಾಲ್ಕು ಮೇಜು ಹಾಕಿಸಿರಿ. ಒಣದ್ರಾಕ್ಷಿ, ಅರಿಷಿಣ, ಶೇಂಗಾ ಚಟ್ನಿ, ಖಡಕ್ ರೊಟ್ಟಿ, ಯಾವ ಮನೆಯಲ್ಲಿ ಏನು ಚೆನ್ನಾಗಿ ಆಗುತ್ತದೆಯೋ ಅದನ್ನು ಅವರ ಹೆಸರಿನಿಂದ ಇಡಲಿ. ಹೆಸರಿನ ಚೀಟಿಯನ್ನು ನಮ್ಮ ಶಾಲೆಯ ಮಕ್ಕಳು ಎರಡೂ ಭಾಷೆಗಳಲ್ಲಿ ತಪ್ಪಿಲ್ಲದೆ ಬರೆಯಲಿ. ಅದನ್ನು ತಿದ್ದುವ ಕೆಲಸ ನನಗಿರಲಿ. ನೆರೆಯವರ ಪ್ರಶ್ನೆಗೆ ಅಂಜದೆ, ಸುಳ್ಳಾಡದೆ ಉತ್ತರ ಹೇಳುವುದನ್ನು ಇಲ್ಲಿ ಕಲಿತವರು ಪುಣೆಯಲ್ಲಿಯೂ ಹೇಳಿಯಾರು, ದಿಲ್ಲಿಯಲ್ಲಿಯೂ ಹೇಳಿಯಾರು.

ಆ ದಿನ ಗಾಡಿಯಲ್ಲಿ ನಾನು ಕೊಡದೆ ಉಳಿಸಿಕೊಂಡ ಉತ್ತರವನ್ನು ಇಂದು ಎಲ್ಲರ ಸಮಕ್ಷಮದಲ್ಲಿ ಕೊಡುತ್ತೇನೆ. ಆ ತಾಯಿ ಇದೇ ಸಭೆಯಲ್ಲಿ ಕುಳಿತಿದ್ದಾರೆ. ತಾಯಿ, ನೀವು ಹೇಳಿದ್ದು ತಪ್ಪಲ್ಲ. ಪೊಟ್ಟಣದ ಮೇಲೆ ನಮ್ಮ ಹೆಸರು ಉಳಿದಿರುವುದು ಆ ಮಾತಿನಿಂದಲೇ.