ರೋಗಶಯ್ಯೆಯಲ್ಲಿ ವಿಶ್ರಾಂತಿ



ಬೆಂಗಳೂರಿನ ಪಶ್ಚಿಮಕ್ಕೆ ನಾನು ವಾಸವಾಗಿರುವ ಬಡಾವಣೆಗೆ ಶ್ರೀಗಂಧದ ಕಾವಲ್ ಎಂದು ಹೆಸರು. ಹೆಸರನ್ನು ಮಾತ್ರ ಕೇಳಿದವರು ಅಲ್ಲಿ ಗಂಧದ ಗಾಳಿ ಬೀಸುತ್ತಿರಬೇಕೆಂದು ಊಹಿಸುವುದುಂಟು. ಕಾವಲೂ ಹೋಯಿತು, ಗಂಧವೂ ಹೋಯಿತು. ಉಳಿದಿರುವುದು ಮನೆಗೆ ಮನೆ ತಗುಲಿಕೊಂಡ ಬೀದಿಗಳು, ಮತ್ತು ಹೊತ್ತು ಮೂಡುವ ಮೊದಲೇ ಆರಂಭವಾಗುವ ವಾಹನಗಳ ಸದ್ದು. ಇಂಥದೊಂದು ಬೀದಿಯ ಮಹಡಿಯ ಕೋಣೆಯಲ್ಲಿ, ಹೃದಯದ ಶಸ್ತ್ರಚಿಕಿತ್ಸೆಯಾದ ತರುವಾಯ, ನಾನು ಆರು ವಾರ ಮಲಗಿದ್ದೆನು. ಆಸ್ಪತ್ರೆಯಿಂದ ಕಳುಹಿಸುವಾಗ ವೈದ್ಯರು ಚೀಟಿಯಲ್ಲಿ ಯಾವ ಮಾತ್ರೆ ಎಷ್ಟು ಹೊತ್ತಿಗೆ, ಊಟಕ್ಕೆ ಮೊದಲೋ ಆಮೇಲೋ ಎಂಬುದನ್ನೆಲ್ಲ ಸ್ಪಷ್ಟವಾಗಿ ಬರೆದು, ಕೊನೆಯ ಸಾಲಿನಲ್ಲಿ ‘ವಿಶ್ರಾಂತಿ’ ಎಂದು ಸೇರಿಸಿದ್ದರು. ಅದನ್ನು ಹೇಗೆ ತೆಗೆದುಕೊಳ್ಳಬೇಕೆಂಬ ವಿವರ ಮಾತ್ರ ಇರಲಿಲ್ಲ.

ಮಲಗಿಕೊಂಡರೆ ಅದೇ ವಿಶ್ರಾಂತಿಯಲ್ಲವೇ ಎಂದು ನೀವು ಕೇಳಬಹುದು. ನಾನೂ ಹಾಗೆಯೇ ತಿಳಿದಿದ್ದೆನು. ನಾಲ್ಕಾರು ದಿನ ಕಳೆದ ಮೇಲೆ ನನ್ನನ್ನು ನಾನೇ ಗಮನಿಸಿ ನೋಡಿದೆನು: ಹಲ್ಲು ಕಚ್ಚಿಕೊಂಡಿದೆ, ಭುಜಗಳು ಕಿವಿಯ ಕಡೆಗೆ ಏರಿವೆ, ಹೊದಿಕೆಯ ಒಳಗೆ ಮುಷ್ಟಿ ಬಿಗಿದಿದೆ. ಎದೆಯಲ್ಲಿ ಗಾಯ ಸ್ವಲ್ಪ ಚುಳುಕ್ಕೆಂದರೂ ಮನಸ್ಸು ಅಲ್ಲಿಗೇ ಓಡಿ, ಅಲ್ಲಿಂದ ಆಸ್ಪತ್ರೆಯ ಲೆಕ್ಕಕ್ಕೂ, ಲೆಕ್ಕದಿಂದ ಮಗಳ ಮದುವೆಗೂ ಹಾರುತ್ತಿತ್ತು. ದೇಹವು ಮಂಚದ ಮೇಲಿತ್ತೇ ಹೊರತು ವಿಶ್ರಾಂತಿಯಲ್ಲಿರಲಿಲ್ಲ.

ಇದರ ಕಾರಣವನ್ನು ಶರೀರಶಾಸ್ತ್ರಜ್ಞರು ಸ್ಪಷ್ಟವಾಗಿ ಹೇಳಿದ್ದಾರೆ. ಭಯವಾದಾಗ ನಮ್ಮ ಇಚ್ಛೆಗೆ ಒಳಪಡದ ನರಮಂಡಲವೊಂದು ಎಚ್ಚತ್ತು ಅಡ್ರಿನಲಿನ್ ಎಂಬ ರಸವನ್ನು ರಕ್ತಕ್ಕೆ ಬಿಡಿಸುತ್ತದೆ. ನಾಡಿ ಬಿರುಸಾಗುತ್ತದೆ, ರಕ್ತದ ಒತ್ತಡ ಏರುತ್ತದೆ, ಮಾಂಸಖಂಡಗಳು ಬಿಗಿಯುತ್ತವೆ. ಹುಲಿಯನ್ನು ಕಂಡು ಓಡುವವನಿಗೆ ಇದು ಉಪಕಾರ. ಹುಲಿಯೂ ಇಲ್ಲದೆ, ಓಡಲು ಶಕ್ತಿಯೂ ಇಲ್ಲದೆ, ಕೇವಲ ಚಿಂತೆಯಿಂದ ಹಗಲೂ ರಾತ್ರಿಯೂ ಇದೇ ಸಿದ್ಧತೆಯಲ್ಲಿರುವ ರೋಗಿಗೆ ನಿದ್ರೆ ಕೆಡುತ್ತದೆ, ನೋವು ಇರುವುದಕ್ಕಿಂತ ಹೆಚ್ಚಾಗಿ ತೋರುತ್ತದೆ. ಇದಕ್ಕೆ ಪ್ರತಿಯಾಗಿ ಕೆಲಸಮಾಡುವ ಇನ್ನೊಂದು ನರವುಂಟು. ಉಸಿರನ್ನು ನಿಧಾನವಾಗಿ ಹೊರಕ್ಕೆ ಬಿಡುವಾಗ ಅದರ ಪ್ರಭಾವ ಹೆಚ್ಚಿ ಹೃದಯದ ಬಡಿತ ತಗ್ಗುತ್ತದೆ. 2001ರಲ್ಲಿ ಇಟಲಿಯ ವೈದ್ಯರು 23 ಜನರಿಂದ ಕ್ರೈಸ್ತರ ಜಪಮಾಲೆಯ ಪ್ರಾರ್ಥನೆಯನ್ನೂ ಮಂತ್ರವನ್ನೂ ಹೇಳಿಸಿ ಅಳೆದರು. ಎರಡರಲ್ಲಿಯೂ ಉಸಿರಾಟವು ನಿಮಿಷಕ್ಕೆ ಸುಮಾರು 6ಕ್ಕೆ ಇಳಿದು, ಹೃದಯದ ಲಯ ಒಂದು ಕ್ರಮಕ್ಕೆ ಬಂದಿತೆಂದು ಕಂಡರು. ನಮ್ಮ ಅಜ್ಜಿಯರು ಜಪಮಣಿಯನ್ನು ಹಿಡಿದು ಕುಳಿತದ್ದು ರಕ್ತದೊತ್ತಡಕ್ಕಾಗಿ ಅಲ್ಲವೆಂಬುದು ಬೇರೆ ಮಾತು.

ಬಿಗಿಯನ್ನು ಸಡಿಲಿಸುವುದು ಕಲಿಯಬೇಕಾದ ವಿದ್ಯೆಯೆಂದು 1929ರಲ್ಲಿ ಅಮೆರಿಕದ ಎಡ್ಮಂಡ್ ಜೇಕಬ್ಸನ್ ಒಂದು ಗ್ರಂಥವನ್ನೇ ಬರೆದರು. ನಮ್ಮ ಹಠಯೋಗದವರಾದರೋ ಇದನ್ನು ಶವಾಸನವೆಂದು ಎಂದೋ ಹೆಸರಿಸಿದ್ದರು. ಹೆಸರು ರೋಗಿಗೆ ಅಷ್ಟೇನೂ ಶುಭವಾಗಿ ಕೇಳಿಸದು, ಆದರೆ ಕ್ರಮ ಒಳ್ಳೆಯದು. ಮುಂಬಯಿಯ ಡಾ. ದಾತೆ ಮತ್ತು ಸಂಗಡಿಗರು ರಕ್ತದೊತ್ತಡದ 47 ರೋಗಿಗಳಿಗೆ ಇದನ್ನು ಅಭ್ಯಾಸಮಾಡಿಸಿ 1969ರಲ್ಲಿ ಫಲವನ್ನು ಪ್ರಕಟಿಸಿದರು. ಹಲವರಲ್ಲಿ ಒತ್ತಡ ಇಳಿದಿತ್ತು, ಕೆಲವರಲ್ಲಿ ಔಷಧದ ಪ್ರಮಾಣವನ್ನು ಕಡಿಮೆಮಾಡಲಾಗಿತ್ತು. ನಮ್ಮ ಬೆಂಗಳೂರಿನ ಡಾ. ಆರ್. ನಾಗರತ್ನ ಮತ್ತು ಡಾ. ಎಚ್. ಆರ್. ನಾಗೇಂದ್ರ ಅವರು 1985ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ಲಿನಲ್ಲಿ ಬರೆದ ಲೇಖನ ಇನ್ನೂ ಎಚ್ಚರಿಕೆಯದು. ಉಬ್ಬಸದ 53 ರೋಗಿಗಳಿಗೆ ಎರಡು ವಾರ ಆಸನ, ಪ್ರಾಣಾಯಾಮ, ಧ್ಯಾನಗಳನ್ನು ಕಲಿಸಿ, ಅವರಿಗೆ ವಯಸ್ಸಿನಲ್ಲಿಯೂ ರೋಗದ ತೀವ್ರತೆಯಲ್ಲಿಯೂ ಸಮನಾದ, ಎಂದಿನ ಔಷಧವನ್ನೇ ಮುಂದುವರಿಸಿದ ಬೇರೆ 53 ಜನರೊಡನೆ ಹೋಲಿಸಿದರು. ಅಭ್ಯಾಸ ಮಾಡಿದವರಲ್ಲಿ ಉಬ್ಬಸದ ಸರದಿಗಳೂ ಔಷಧದ ಅಗತ್ಯವೂ ಹೆಚ್ಚಾಗಿ ತಗ್ಗಿದ್ದವು.

ನಾನು ಅನುಸರಿಸಿದ ರೀತಿ ಇಷ್ಟೆ. ಅಂಗಾತ ಮಲಗಿ, ಕಾಲುಗಳನ್ನು ಸ್ವಲ್ಪ ಅಗಲಿಸಿ, ಅಂಗೈಗಳನ್ನು ಮೇಲಕ್ಕೆ ಮಾಡಿ ಬಿಡುವುದು. ಮಂಡಿಯ ಕೆಳಗೆ ಒಂದು ದಿಂಬಿದ್ದರೆ ಬೆನ್ನಿಗೆ ಹಿತ. ಅನಂತರ ಕಾಲ್ಬೆರಳಿನಿಂದ ಹಿಡಿದು ನೆತ್ತಿಯವರೆಗೆ ಒಂದೊಂದು ಅಂಗಕ್ಕೂ ಗಮನವನ್ನು ಕೊಂಡೊಯ್ದು, ಅಲ್ಲಿ ಬಿಗಿಯಿದ್ದರೆ ಬಿಡುವುದು. ಉಸಿರು ತಾನಾಗಿ ಬಂದು ಹೋಗುವುದನ್ನು ನೋಡುತ್ತಿರುವುದು. ಬೌದ್ಧರು ಸ್ಮೃತಿಯೆಂದು ಕರೆದು ಸಾಧಿಸಿದ ಎಚ್ಚರ ಈ ನೋಡುವಿಕೆಯೇ. ಮನಸ್ಸು ಹೊರಟುಹೋಗುತ್ತದೆ, ಹೋಗಲಿ. ಹೋಯಿತೆಂದು ತಿಳಿದ ಕ್ಷಣದಲ್ಲಿ ಬೈಯದೆ, ಹೊಸಲು ದಾಟಿದ ಕೂಸನ್ನು ಎತ್ತಿಕೊಂಡು ಬರುವಂತೆ, ಮರಳಿ ಕರೆತರುವುದು. ಮೊದಲ ವಾರ ಕಾಲು ಗಂಟೆಯಲ್ಲಿ ನಲವತ್ತು ಸಲ ಎತ್ತಿಕೊಂಡು ಬಂದಿರಬೇಕು. ಬೀದಿಯ ಸದ್ದು ನಿಲ್ಲಲಿಲ್ಲ. ಅದನ್ನೂ ಸದ್ದೆಂದು ಕೇಳಿ ಬಿಡುವುದನ್ನು ಕಲಿತೆನು. ಮೂರನೆಯ ವಾರದಲ್ಲಿ ರಾತ್ರಿಯ ನಿದ್ರೆ ಬಂದಿತು. ಗಾಯದ ನೋವು ಹೋಗಲಿಲ್ಲ. ಆದರೆ ನೋವಿನ ಮೇಲೆ ನಾನು ಹೇರುತ್ತಿದ್ದ ಭಯದ ಭಾರ ಇಳಿಯಿತು.

ಇಲ್ಲಿ ನನ್ನದೊಂದು ತಪ್ಪನ್ನು ಹೇಳಲೇಬೇಕು. ಇಷ್ಟು ಹಿತವಾದ ಮೇಲೆ ಮಾತ್ರೆಗಳೇಕೆ ಎಂದು, ಮನೆಯವರಿಗೆ ತಿಳಿಸದೆ, ಒತ್ತಡದ ಮಾತ್ರೆಯನ್ನು ಹನ್ನೊಂದು ದಿನ ಬಿಟ್ಟೆನು. ಹನ್ನೆರಡನೆಯ ದಿನ ತಲೆಸುತ್ತಿ ಮೆಟ್ಟಿಲ ಮೇಲೆ ಕುಳಿತುಬಿಟ್ಟೆ. ವೈದ್ಯರು ಅಳೆದು ನೋಡಿ ಗದರಲಿಲ್ಲ. ನನ್ನ ಪತ್ನಿಯ ಮುಖವನ್ನು ನೋಡಿದರು. ಅದು ಗದರಿಕೆಗಿಂತ ಕಠಿಣವಾಗಿದ್ದಿತು.

ವಿಶ್ರಾಂತಿಯನ್ನೇ ಚಿಕಿತ್ಸೆಯೆಂದು ನಂಬಿದ್ದ ಕಾಲವೊಂದಿತ್ತು. ಕ್ಷಯರೋಗಕ್ಕೆ ಔಷಧವಿಲ್ಲದಿದ್ದಾಗ ಗಾಳಿ, ಬಿಸಿಲು, ಆಹಾರ, ತಿಂಗಳುಗಟ್ಟಲೆ ಮಂಚ, ಇವೇ ಗತಿ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಅವರ ಸಹೋದರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನಲ್ಲಿ ಮೈಸೂರಿನಲ್ಲಿ ಎದ್ದ ಆರೋಗ್ಯಧಾಮವೂ ಆ ಕಾಲದ್ದೇ. ಔಷಧಗಳು ಬಂದ ಬಳಿಕ 1956ರಲ್ಲಿ ಮದರಾಸಿನಲ್ಲಿ ಒಂದು ಪರೀಕ್ಷೆ ಆರಂಭವಾಯಿತು. ಕೆಲವು ರೋಗಿಗಳು ಆರೋಗ್ಯಧಾಮದಲ್ಲಿ ವಿಶ್ರಾಂತಿ, ಒಳ್ಳೆಯ ಊಟಗಳೊಡನೆ ಔಷಧ ತೆಗೆದುಕೊಂಡರು. ಉಳಿದವರು ಇಕ್ಕಟ್ಟಾದ ತಮ್ಮ ಬಡಮನೆಗಳಲ್ಲಿಯೇ ಅದೇ ಔಷಧವನ್ನು ತೆಗೆದುಕೊಂಡರು. 1959ರಲ್ಲಿ ಪ್ರಕಟವಾದ ಫಲ ಎರಡು ಕಡೆಯಲ್ಲಿಯೂ ಹೆಚ್ಚುಕಡಿಮೆ ಒಂದೇ ಆಗಿದ್ದಿತು. ಗುಣಪಡಿಸಿದ್ದು ಔಷಧ. ನಾನು ಇದನ್ನು ಓದಿದ್ದು ಮೆಟ್ಟಿಲ ಮೇಲೆ ಕುಳಿತ ಮೇಲೆ, ಮೊದಲೇ ಓದಬೇಕಾಗಿತ್ತು.

ಇನ್ನೆರಡು ಎಚ್ಚರಿಕೆಗಳು. ಹೃದ್ರೋಗವಾಗಲಿ ಅಧಿಕ ಒತ್ತಡವಾಗಲಿ ಉಳ್ಳವರು ಉಸಿರನ್ನು ಬಿಗಿಹಿಡಿಯುವ ಅಭ್ಯಾಸಕ್ಕೆ ಕೈಹಾಕಬಾರದು. ದೊಡ್ಡ ಆಘಾತವನ್ನು ಕಂಡವರಲ್ಲಿ ಕೆಲವರಿಗೆ ಕಣ್ಣು ಮುಚ್ಚಿ ಸುಮ್ಮನಿದ್ದರೆ ಭಯ ಹೆಚ್ಚುವುದುಂಟು. ಅಂಥವರು ಕಣ್ಣು ತೆರೆದುಕೊಂಡು ಕಿಟಕಿಯ ಆಚೆ ನೋಡುತ್ತಿರಬಹುದು, ಅಥವಾ ನಿಲ್ಲಿಸಿಬಿಡಬಹುದು. ಕಿಟಕಿಯೂ ಅಲ್ಪವಾದುದಲ್ಲ. 1984ರಲ್ಲಿ ರೋಜರ್ ಉಲ್ರಿಚ್ ಎಂಬವರು ಅಮೆರಿಕದ ಒಂದು ಆಸ್ಪತ್ರೆಯ ದಾಖಲೆಗಳನ್ನು ಪರಿಶೀಲಿಸಿ, ಶಸ್ತ್ರಚಿಕಿತ್ಸೆಯ ಅನಂತರ ಕಿಟಕಿಯಿಂದ ಮರಗಳನ್ನು ಕಂಡ 23 ರೋಗಿಗಳು ಇಟ್ಟಿಗೆಯ ಗೋಡೆಯನ್ನು ಕಂಡ 23 ರೋಗಿಗಳಿಗಿಂತ ಬೇಗ ಮನೆಗೆ ಹೋದರೆಂದೂ, ನೋವಿನ ತೀವ್ರ ಔಷಧಗಳನ್ನು ಕಡಿಮೆ ಕೇಳಿದರೆಂದೂ ಬರೆದರು.

ನನ್ನ ಕಿಟಕಿಯ ಎದುರಿಗೆ ಇರುವುದು ನೆರೆಮನೆಯ ಗೋಡೆ. ಗೋಡೆಯ ಪಕ್ಕದಲ್ಲಿ, ಹೇಗೋ ಉಳಿದ ಒಂದು ಹೊಂಗೆಯ ಮರದ ಎರಡು ಕೊಂಬೆಗಳು ಕಾಣುತ್ತವೆ. ಮಂಚವನ್ನು ಆ ಕಡೆಗೆ ತಿರುಗಿಸಿಕೊಂಡಿದ್ದೇನೆ. ಈಗಲೂ ದಿನಾ ಮಧ್ಯಾಹ್ನ ಊಟವಾದ ಮೇಲೆ ನನ್ನ ಪತ್ನಿ ನೀರಿನ ಲೋಟವನ್ನೂ ಮಾತ್ರೆಯನ್ನೂ ತಂದುಕೊಟ್ಟು, ನುಂಗುವವರೆಗೆ ನಿಂತು ನೋಡಿ, ಆಮೇಲೆ ಬಾಗಿಲನ್ನು ಮುಂದಕ್ಕೆ ಎಳೆದುಕೊಂಡು ಹೋಗುತ್ತಾಳೆ.