ಹಳ್ಳಕ್ಕೆ ಬಿದ್ದ ಮರ
(ಸಂಘದ ಸದಸ್ಯರ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ಸಂಘದ ರಜತ ಮಹೋತ್ಸವದ ಈ ಶುಭ ಸಂದರ್ಭದಲ್ಲಿ ನಾಲ್ಕು ಮಾತಾಡಲು ಅವಕಾಶ ಕೊಟ್ಟಿದ್ದೀರಿ. ಸಂಘದ ಏಳಿಗೆಯ ವಿಚಾರವನ್ನು ಹಿರಿಯರು ಹೇಳುತ್ತಾರೆ. ನಾನು ಹೇಳಹೊರಟಿರುವುದು ಹಳ್ಳಕ್ಕೆ ಅಡ್ಡ ಬಿದ್ದ ಮರದ ವಿಚಾರ. ಇದೇನು ಮಾತಾಡುವ ವಿಷಯವೇ ಅಂತ ನಗಬೇಡಿ. ತೋಟಕ್ಕೂ ಸಾಲಕ್ಕೂ ಇದಕ್ಕೂ ಸಂಬಂಧ ಇದೆ.

ಮೊದಲು ನನ್ನ ತಪ್ಪನ್ನೇ ಹೇಳಿಬಿಡುತ್ತೇನೆ. ನಮ್ಮ ತೋಟದ ಅಂಚಿನ ಹಳ್ಳದಲ್ಲಿ ಒಂದು ಹಳೇ ಹೊಳೆಮತ್ತಿ ಬೇರು ಸಮೇತ ದಂಡೆಗೆ ಒರಗಿ ಬಿದ್ದಿತ್ತು. ನಮ್ಮಪ್ಪ ಇರುವಷ್ಟು ದಿನ ಅದನ್ನು ಮುಟ್ಟಲು ಬಿಡಲಿಲ್ಲ. "ಇರಲಿ ಬಿಡೋ, ಅದು ದರೆ ಕಾಯುತ್ತೆ" ಅಂತಿದ್ದರು. 2019ರ ಬೇಸಿಗೆಯಲ್ಲಿ ಊರಿಗೆ ಜೆಸಿಬಿ ಬಂದಿತ್ತು. ಹಳ್ಳ ಸ್ವಚ್ಛ ಆಗಲಿ, ನೀರು ಸಲೀಸಾಗಿ ಹರಿಯಲಿ ಅಂತ ಮರ ಎಳೆಸಿದೆ, ಹಳ್ಳದ ಡೊಂಕನ್ನೂ ನೆಟ್ಟಗೆ ಮಾಡಿಸಿದೆ. ಒಲೆಗೆ ಎರಡು ವರ್ಷದ ಸೌದೆ ಆಯ್ತು. ಅದೇ ಆಗಸ್ಟಿನಲ್ಲಿ ಮಲೆನಾಡಿಗೆ ಬಂದ ಮಳೆ ನಿಮಗೆಲ್ಲ ನೆನಪಿದೆ. ಒಂದೇ ರಾತ್ರಿಗೆ ದಂಡೆ ಕುಸಿದು ಎರಡು ಸಾಲು ಫಲ ಕೊಡುವ ಅಡಿಕೆ ಮರ ಹಳ್ಳದ ಪಾಲಾಯಿತು. ಆ ತೋಟದ ಮೇಲಿನ ಸಾಲ ಮಾತ್ರ ಕೊಚ್ಚಿ ಹೋಗಲಿಲ್ಲ! ಮರ ಇದ್ದಿದ್ದರೆ ಪೂರ್ತಿ ಉಳಿಯುತ್ತಿತ್ತು ಅಂತ ನಾನು ಹೇಳುವುದಿಲ್ಲ. ಅಂಥ ಮಳೆ ಅದು. ಆದರೆ ದಂಡೆಯ ಬುಡಕ್ಕೆ ಇದ್ದ ಒಂದೇ ಆಸರೆಯನ್ನು ನಾನೇ ಕೈಯಾರೆ ಕಿತ್ತಿದ್ದೆ ಅನ್ನುವುದು ನಿಜ.

ಬಿದ್ದ ಮರ ಮಾಡುವ ಕೆಲಸವನ್ನು ನೋಡಿ. ಓಡಿ ಬರುವ ನೀರು ಮರಕ್ಕೆ ಬಡಿದು ರಭಸ ಕಳೆದುಕೊಳ್ಳುತ್ತದೆ. ಮರದ ಮೇಲ್ಗಡೆ ಮರಳು, ದರಗು ನಿಲ್ಲುತ್ತದೆ. ಮರ ದಾಟಿ ಧುಮುಕುವ ನೀರು ಕೆಳಗಡೆ ಗುಂಡಿ ತೋಡುತ್ತದೆ. ಏಪ್ರಿಲ್ ತಿಂಗಳಲ್ಲಿ ಹಳ್ಳ ಬತ್ತಿದಾಗ ಮೀನು, ಏಡಿ ಜೀವ ಹಿಡಿಯುವುದು ಇಂಥ ಗುಂಡಿಗಳಲ್ಲೇ. ಕೊಳೆತ ದರಗನ್ನು ಹುಳು ತಿನ್ನುತ್ತದೆ, ಹುಳುವನ್ನು ಮೀನು ತಿನ್ನುತ್ತದೆ. ನಿಂತ ನೀರು ದಂಡೆಗೆ ಇಂಗುತ್ತದೆ. ಬೇಸಿಗೆಯಲ್ಲಿ ನಾವು ಹಳ್ಳಕ್ಕೆ ಕಲ್ಲು, ಮಣ್ಣು, ಸೊಪ್ಪಿನ ಕಟ್ಟ ಹಾಕುವುದೂ ಇದಕ್ಕೇ ಅಲ್ಲವೇ? ಕಾಸರಗೋಡಿನ ಏತಡ್ಕದಲ್ಲಿ ಒಂದರ ಕೆಳಗೊಂದು ಸಾಲು ಕಟ್ಟ ಹಾಕಿ ತೋಟ ಉಳಿಸಿಕೊಂಡವರಿದ್ದಾರೆ. ಬಿದ್ದ ಮರ ಅಂದರೆ ಕೂಲಿ ಕೇಳದೆ ಆದ ಸೋರುವ ಕಟ್ಟ.

ನಾವೊಬ್ಬರೇ ತಪ್ಪಿದವರಲ್ಲ. ಅಮೆರಿಕದ ವಾಯವ್ಯ ಭಾಗದಲ್ಲಿ 1950ರಿಂದ 70ರ ದಶಕದವರೆಗೆ ಮೀನಿಗೆ ದಾರಿಯಾಗಲಿ ಅಂತ ಸರ್ಕಾರದವರೇ ಹೊಳೆಗಳಿಂದ ದಿಮ್ಮಿಗಳನ್ನು ಎಳೆಸಿದರು. ಗುಂಡಿಗಳು ಹೋದವು, ಸಾಲ್ಮನ್ ಮೀನಿಗೆ ನೆಲೆ ತಪ್ಪಿತು. ಈಗ ಅದೇ ಹೊಳೆಗಳಿಗೆ ಹಣ ಸುರಿದು ದಿಮ್ಮಿ ತಂದು ಹಾಕುತ್ತಿದ್ದಾರೆ. ಇಂಗ್ಲೆಂಡಿನ ಪಿಕರಿಂಗ್ ಎಂಬ ಪೇಟೆಗೆ ಪದೇ ಪದೇ ನೆರೆ ನುಗ್ಗುತ್ತಿತ್ತು. ಮೇಲಿನ ಕಾಡಿನ ತೊರೆಗಳಲ್ಲಿ ನೂರಕ್ಕೂ ಹೆಚ್ಚು ಕಡೆ ಮರದ ಸೋರುವ ಕಟ್ಟ ಹಾಕಿದರು, ಜೊತೆಗೆ ನೀರು ತಡೆಯುವ ಒಂದು ಏರಿಯನ್ನೂ ಕಟ್ಟಿದರು. 2015ರ ಡಿಸೆಂಬರ್ ಮಳೆಯಲ್ಲಿ ಆ ಪೇಟೆ ಮುಳುಗಲಿಲ್ಲ.

ಹಾಗಂತ ಬಿದ್ದ ಮರವನ್ನೆಲ್ಲ ಬಿಡಿ ಅಂತ ನಾನು ಹೇಳುತ್ತಿಲ್ಲ. ಮೋರಿಗೆ, ಸೇತುವೆಯ ಕಂಬಕ್ಕೆ, ಕಾಲುಸಂಕಕ್ಕೆ ಸಿಕ್ಕಿಕೊಂಡ ಮರವನ್ನು ತಕ್ಷಣ ತೆಗೆಸಲೇಬೇಕು. ಮನೆ, ಕೊಟ್ಟಿಗೆ, ರಸ್ತೆ ಹತ್ತಿರ ಇದ್ದರೆ, ಅದು ತೇಲಿ ಹೋಗಿ ಕೆಳಗಿನ ಮೋರಿಗೆ ಬಡಿಯುವ ಹಾಗಿದ್ದರೆ ಬಿಡಬಾರದು. ಹಳ್ಳದ ಅಗಲಕ್ಕಿಂತ ಉದ್ದದ ಮರ, ಬೇರಿನ ಗಡ್ಡೆ ದಂಡೆಯಲ್ಲೇ ಹೂತಿರುವ ಮರ ಸುಲಭಕ್ಕೆ ಕದಲುವುದಿಲ್ಲ. ಗಿಡ್ಡ ತುಂಡುಗಳೇ ಓಡಿ ಹೋಗುವುದು. ಮರದಿಂದ ನೀರು ತಿರುಗಿ ಎದುರು ದಂಡೆ ಕೊರೆಯುತ್ತಿದೆಯೇ ಅಂತಲೂ ನೋಡಬೇಕು. ಎದುರು ತೋಟವೂ ನಮ್ಮ ಸದಸ್ಯರದ್ದೇ! ಅಂಥ ಕಡೆ ಮರವನ್ನು ತುಂಡು ಮಾಡಿ ಸಾಗಿಸುವ ಬದಲು ದಂಡೆಯ ಬುಡಕ್ಕೆ ಉದ್ದುದ್ದ ತಿರುಗಿಸಿ ಮಲಗಿಸಿದರೆ ಸಾಕು. ಹಿಂದುಗಡೆ ವಾಟೆ, ಹೊಳೆಮತ್ತಿ, ನೀರುನೇರಳೆ ನೆಡಿ. ಮರ ಕೊಳೆಯುವ ಹೊತ್ತಿಗೆ ಅವುಗಳ ಬೇರು ದರೆ ಹಿಡಿದಿರುತ್ತದೆ.

ಕಾನೂನಿನ ಮಾತೂ ಒಂದಿದೆ. ತೇಲಿ ಬಂದು ದಂಡೆ ಸೇರಿದ ಮರದ ಬಗ್ಗೆ 1963ರ ಕರ್ನಾಟಕ ಅರಣ್ಯ ಕಾಯ್ದೆಯಲ್ಲೇ ವಿಧಿಗಳಿವೆ. ಹೊಳೆಯಲ್ಲಿ ಸಿಕ್ಕಿದ್ದು ನಮ್ಮದು ಅಂತ ಕೊಯ್ಯಿಸಿ ಆಮೇಲೆ ತೊಂದರೆಗೆ ಸಿಗಬೇಡಿ. ಮೊದಲು ಅರಣ್ಯ ಇಲಾಖೆಯವರನ್ನು ಕೇಳಿ.

ಕೊನೆಯದಾಗಿ ಒಂದು ಸಲಹೆ. ಒಬ್ಬೊಬ್ಬರೇ ಜೆಸಿಬಿ ತರಿಸಿದರೆ ಮೇಲಿನವರ ನೀರು ಕೆಳಗಿನವರ ತಲೆಗೆ. ಅದರ ಬದಲು ಪ್ರತಿ ವರ್ಷ ಮುಂಗಾರಿಗೆ ಮೊದಲು ಒಂದು ದಿನ ಸಂಘದ ವತಿಯಿಂದ ಮೇಲಿನ ತೋಟದವರು, ಕೆಳಗಿನ ತೋಟದವರು, ಪಂಚಾಯಿತಿಯವರು ಸೇರಿ ಹಳ್ಳದುದ್ದಕ್ಕೂ ನಡೆಯೋಣ. ಯಾವ ಮರ ತೆಗೆಯಬೇಕು, ಯಾವುದು ಇರಬೇಕು ಅಂತ ಅಲ್ಲೇ ನಿಂತು ತೀರ್ಮಾನ ಮಾಡೋಣ. ಸಾಲ ಕೊಡುವುದು, ವಸೂಲು ಮಾಡುವುದು ಹೇಗೆ ಸಹಕಾರವೋ, ಇದೂ ಹಾಗೆಯೇ. ನಮ್ಮ ಹಳ್ಳದ ನೀರು ತುಂಗೆಗೋ ಭದ್ರೆಗೋ ಸೇರಿ ಕೂಡಲಿಯಲ್ಲಿ ಒಂದಾಗುತ್ತದೆ. ನೀರಿಗೆ ಇರುವ ಬುದ್ಧಿ ನಮಗೂ ಬರಲಿ.

ನಮ್ಮಪ್ಪನ ಮಾತು ನನಗೆ ತೋಟ ಹೋದ ಮೇಲೆ ಅರ್ಥವಾಯಿತು. ನಿಮಗೆ ಮೊದಲೇ ಅರ್ಥವಾಗಲಿ ಅಂತ ಇಷ್ಟು ಹೇಳಿದೆ. ನಮ್ಮ ಸಂಘ ಸುವರ್ಣ ಮಹೋತ್ಸವ ಕಾಣಲಿ, ಅಲ್ಲಿಯವರೆಗೆ ನಮ್ಮ ದಂಡೆಗಳೂ ಉಳಿಯಲಿ ಎಂದು ಹಾರೈಸಿ ನನ್ನ ಮಾತು ಮುಗಿಸುತ್ತೇನೆ.